ಐದು ಚರ್ಚ್ ಶಾಲೆಗಳು ಒಟ್ಟಾಗಿ ಕೆಲಸ ಮಾಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡುವುದು?

ಕನ್ನಡ ಶಾಲೆ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ನಾನು ಬಂಟ್ವಾಳ ತಾಲೂಕಿನ ಒಂದು ಹಳ್ಳಿ ಶಾಲೆಯ ಟೀಚರ್. ಚರ್ಚಿಗೆ ಸೇರಿದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ, ಕನ್ನಡ ಮಾಧ್ಯಮ. ಮುಖ್ಯೋಪಾಧ್ಯಾಯಿನಿಯ ಪ್ರಭಾರ ನನ್ನ ಮೇಲಿದೆ. ಹಿಂದೆ ಬೆಂಚು ಸಾಲದಷ್ಟು ಮಕ್ಕಳಿದ್ದ ಶಾಲೆ ಇದು. ಈಗ ಎರಡೆರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡುತ್ತಿದ್ದೇವೆ. ನಿವೃತ್ತರಾದವರ ಹುದ್ದೆಗಳು ಖಾಲಿ ಬಿದ್ದಿವೆ. ಸರ್ಕಾರಿ ಸಂಬಳದವರು ಇಬ್ಬರೇ. ಉಳಿದ ಟೀಚರುಗಳಿಗೆ ಆಡಳಿತ ಮಂಡಳಿ ಗೌರವಧನ ಕೊಡುತ್ತದೆ. ಆ ಹಣ ಚರ್ಚಿನ ಮನೆಗಳಿಂದ, ಹಳೆ ವಿದ್ಯಾರ್ಥಿಗಳಿಂದ ಬರುತ್ತದೆ.

ನಮ್ಮ ಸುತ್ತ ಹತ್ತು ಕಿಲೋಮೀಟರಿನೊಳಗೆ ಇನ್ನೂ ನಾಲ್ಕು ಚರ್ಚ್ ಶಾಲೆಗಳಿವೆ. ಪಕ್ಕದ ಚರ್ಚಿನ ಕನ್ನಡ ಶಾಲೆಯದ್ದು ನಮ್ಮದೇ ಕಷ್ಟ. ಪೇಟೆಯಲ್ಲಿ ಸಿಸ್ಟರುಗಳ ಇಂಗ್ಲಿಷ್ ಮಾಧ್ಯಮ ಶಾಲೆ ಇದೆ, ಅಲ್ಲಿ ಸೀಟಿಗೆ ಸಾಲು ನಿಲ್ಲುತ್ತಾರೆ. ಒಂದು ಹೈಸ್ಕೂಲು ಇದೆ, ಒಳ್ಳೆ ಲ್ಯಾಬ್, ದೊಡ್ಡ ಮೈದಾನ. ಐದನೆಯದು ಸಿಎಸ್‌ಐ ಸಭೆಯವರದ್ದು (ಪ್ರೊಟೆಸ್ಟಂಟರ ಚರ್ಚ್ ಆಫ್ ಸೌತ್ ಇಂಡಿಯಾ), ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ ಹಳೆ ಶಾಲೆ.

ಈ ಐದೂ ಶಾಲೆಗಳು ಒಂದು ಗುಂಪಾಗಬೇಕು ಅಂತ ಮಾತಾಗಿದೆ. ನಮ್ಮ ಫಾದರ್, ಸಿಎಸ್‌ಐ ಸಭಾಪಾಲಕರು, ಸಿಸ್ಟರ್, ಎಲ್ಲರಿಗೂ ಮನಸ್ಸಿದೆ. ಶಾಲೆ ಶುರುವಾಗುವ ಮೊದಲು ಮೀಟಿಂಗ್ ಇಟ್ಟಿದ್ದಾರೆ. ಅದಕ್ಕಾಗಿ ಒಂದು ಪುಟದ ಕರಡು ಬರೆದಿದ್ದಾರೆ. ಮೇಲೆ "ಕ್ರೈಸ್ತ ಮೌಲ್ಯಗಳ ತಳಹದಿಯ ಮೇಲೆ ಪರಸ್ಪರ ಸಹಕಾರ" ಅಂತಿದೆ. ಕೆಳಗೆ ಒಟ್ಟಿಗೆ ಕ್ರೀಡಾಕೂಟ, ಒಟ್ಟಿಗೆ ಕ್ರಿಸ್ಮಸ್ ಕಾರ್ಯಕ್ರಮ, ವರ್ಷಕ್ಕೊಂದು ಟೀಚರುಗಳ ಸಮ್ಮೇಳನ.

ಓದಿ ನನಗೆ ಸಮಾಧಾನ ಆಗಲಿಲ್ಲ. ಕ್ರೀಡಾಕೂಟ ಬೇಡ ಅಂತ ಅಲ್ಲ. ಆದರೆ ಇಷ್ಟಕ್ಕೇ ನಿಂತರೆ ಮೌಲ್ಯ ಅನ್ನುವುದು ಬ್ಯಾನರಿನ ಮೇಲೆ ಮಾತ್ರ ಉಳಿಯುತ್ತದೆ. ಮೀಟಿಂಗಿನಲ್ಲಿ ನಾನೂ ಒಂದು ಹಾಳೆ ಇಡುತ್ತೇನೆ ಅಂತ ಫಾದರಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ.

ನಿಮ್ಮಲ್ಲಿ ಯಾರಾದರೂ ಇಂಥ ಗುಂಪಿನಲ್ಲಿ ಕೆಲಸ ಮಾಡಿದ್ದರೆ ಹೇಳಿ. ಯಾವ ಕೆಲಸ ನಿಜಕ್ಕೂ ಮಕ್ಕಳಿಗೆ ಉಪಯೋಗ ಆಯಿತು? ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದೂ, ಮುಸ್ಲಿಂ ಮನೆಯವರು. ಅವರಿಗೆ ಇದು ನಮ್ಮ ಶಾಲೆ ಅನ್ನಿಸುವ ಹಾಗೆಯೇ ಇರಬೇಕು, ನಾವು ಕ್ರೈಸ್ತರು ಅನ್ನುವುದನ್ನೂ ಮುಚ್ಚಿಡಬಾರದು. ಕಥೋಲಿಕರು, ಸಿಎಸ್‌ಐ ಒಟ್ಟಿಗೆ ನಡೆಯುವುದರಲ್ಲಿ ತೊಡಕು ಇದೆಯಾ? ಹಣದ ವಿಷಯ ಹೇಗೆ?

ನಿವೃತ್ತ ಹೆಡ್‌ಮಿಸ್

ಟೀಚರೇ, ನಿಮ್ಮ ಕರಡು ಓದಿ ನಮ್ಮ ಮೊದಲ ಮೀಟಿಂಗು ನೆನಪಾಯಿತು. ನಾನು ಕೆಲಸ ಮಾಡಿದ್ದು ಬೇರೆ ತಾಲೂಕಿನಲ್ಲಿ, ಅಲ್ಲಿ ನಾಲ್ಕು ಶಾಲೆಗಳ ಗುಂಪು ಇತ್ತು. ನಿಮ್ಮಲ್ಲಿ ಇರುವ ಹಾಗೇ ಒಂದು ಗಟ್ಟಿ ಶಾಲೆ, ಒಂದು ನಡುವಿನದು, ಎರಡು ಬಡ ಶಾಲೆ.

ಕ್ರೀಡಾಕೂಟಕ್ಕಿಂತ ಮೊದಲು ಮಾತಾಡಬೇಕಾದ್ದು ಮೇ ತಿಂಗಳ ಸಂಗತಿ. ನಿಮ್ಮ ಕರಡಿನಲ್ಲಿ ಅದು ಇಲ್ಲವೇ ಇಲ್ಲ. ಮೇ ತಿಂಗಳಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಪೇಟೆ ಶಾಲೆಯ ವ್ಯಾನು ಹಳ್ಳಿಗೆ ಬರುತ್ತದೆ. ಮನೆಮನೆಗೆ ಕರಪತ್ರ ಹಂಚುತ್ತಾರೆ. ಜೂನ್‌ನಲ್ಲಿ ಹಳ್ಳಿ ಶಾಲೆಯ ಹೆಡ್‌ಮಿಸ್ ಕೂತು ಟಿಸಿ ಬರೆಯುತ್ತಾರೆ. ಎರಡೂ ಶಾಲೆಯ ಗೋಡೆಯ ಮೇಲೆ ಅದೇ ಶಿಲುಬೆ. ಎರಡೂ ಶಾಲೆಯ ಸಂಚಾಲಕರು ಒಂದೇ ಬಿಷಪರ ಕೆಳಗಿನವರು. ಆದರೂ ಮಕ್ಕಳಿಗಾಗಿ ಪೈಪೋಟಿ. ಈ ಮಾತನ್ನು ಆಡದೆ ಗುಂಪು ಕಟ್ಟಿದರೆ ಕ್ರಿಸ್ಮಸ್ ಕೇಕು ಒಟ್ಟಿಗೆ ತಿಂದು, ಮೇ ತಿಂಗಳಲ್ಲಿ ಪುನಃ ಅದೇ ಮಾಡುತ್ತೇವೆ.

ನಮ್ಮ ಗುಂಪಿನಲ್ಲಿ ಮೊದಲು ಬರೆದದ್ದು ಈ ಒಪ್ಪಂದ. ಒಂದು ಶಾಲೆ ಇನ್ನೊಂದು ಶಾಲೆಯ ಊರಿಗೆ ಕರಪತ್ರ ಕಳಿಸಬಾರದು, ವ್ಯಾನು ಕಳಿಸಬಾರದು. ಅಪ್ಪ ಅಮ್ಮ ತಾವಾಗಿ ಬಂದು ಸೀಟು ಕೇಳಿದರೆ ಅದು ಅವರ ಹಕ್ಕು, ಇಲ್ಲ ಅನ್ನುವ ಹಾಗಿಲ್ಲ. ಆದರೆ ಎರಡೂ ಶಾಲೆಯ ಮುಖ್ಯಸ್ಥರು ಮೊದಲು ಫೋನಿನಲ್ಲಿ ಮಾತಾಡಬೇಕು. ಈ ಮಗುವಿಗೆ ಏನು ಕಷ್ಟ ಇತ್ತು, ಯಾಕೆ ಹೊರಟಿದ್ದಾರೆ, ಫೀಸು ಕಟ್ಟುವ ಶಕ್ತಿ ಇದೆಯಾ. ಎಷ್ಟೋ ಸಲ ಮಾತಾಡಿದ ಮೇಲೆ ಮಗು ಹಳ್ಳಿ ಶಾಲೆಯಲ್ಲೇ ಉಳಿಯಿತು. ಅಪ್ಪ ಅಮ್ಮ ಬಯಸಿದ್ದು ಇಂಗ್ಲಿಷ್ ಪಾಠ, ಅದಕ್ಕಾಗಿ ಶಾಲೆಯನ್ನೇ ಬಿಡಬೇಕಾಗಿರಲಿಲ್ಲ. ಅವರಿಗೆ ಬೇಕಾದ್ದನ್ನು ನಾವು ಹಳ್ಳಿಗೇ ತಂದೆವು. ಗಟ್ಟಿ ಶಾಲೆಯ ಇಂಗ್ಲಿಷ್ ಟೀಚರ್ ವಾರಕ್ಕೆ ಎರಡು ದಿನ ಬೆಳಿಗ್ಗೆ ಬಡ ಶಾಲೆಗೆ ಬಂದು ಪಾಠ ಮಾಡುತ್ತಿದ್ದರು. ಅವರ ಸಂಬಳ ಗಟ್ಟಿ ಶಾಲೆಯೇ ಕೊಟ್ಟಿತು.

ಎರಡನೇ ಮಾತು ಇನ್ನೂ ಕಷ್ಟದ್ದು. ಯಾವ ಮಗುವನ್ನೂ ಯಾವ ಶಾಲೆಯೂ ಬೇಡ ಅನ್ನಬಾರದು. ಒಂದು ವರ್ಷ ನಮ್ಮ ಹತ್ತಿರ ಒಬ್ಬ ಹುಡುಗ ಬಂದ. ಐದನೇ ತರಗತಿ. ಹಿಂದಿನ ಶಾಲೆಯವರು "ಇವನಿಗೆ ಕಲಿಯಲು ಆಗುವುದಿಲ್ಲ, ಉಳಿದವರಿಗೂ ತೊಂದರೆ" ಅಂತ ಅಮ್ಮನಿಗೆ ಹೇಳಿ ಕಳಿಸಿದ್ದರು. ಆ ಶಾಲೆ ಯಾವುದು ಅಂತ ಹೇಳುವುದಿಲ್ಲ, ಅದೂ ಚರ್ಚಿನದ್ದೇ. ಹುಡುಗ ಕಪ್ಪು ಹಲಗೆ ನೋಡಿ ಬರೆಯುವಾಗ ಅಕ್ಷರ ಬಿಟ್ಟುಬಿಡುತ್ತಿದ್ದ. "ಮರ" ಬರೆಯಲು ಹೇಳಿದರೆ ಮೊದಲು "ರ" ಬರೆದು ನಿಲ್ಲಿಸುತ್ತಿದ್ದ, ಆಮೇಲೆ ಅದರ ಹಿಂದೆ "ಮ" ತುರುಕುತ್ತಿದ್ದ. ಬಾಯಲ್ಲಿ ಲೆಕ್ಕ ಕೇಳಿದರೆ ತರಗತಿಯಲ್ಲೇ ಮುಂದು. ಅವನ ಅಮ್ಮ ಬೀಡಿ ಕಟ್ಟುವವರು. ಕಟ್ಟಿಗೆ ಎಷ್ಟು ಬೀಡಿ, ಸಾವಿರಕ್ಕೆ ಎಷ್ಟು ದುಡ್ಡು ಅನ್ನುವ ಲೆಕ್ಕ ಮನೆಯಲ್ಲಿ ಅವನದ್ದೇ. ಓದು ಬರಹದಲ್ಲಿ ತೊಡಕಿರುವ ಮಕ್ಕಳ ಬಗ್ಗೆ ತರಬೇತಿ ಪಡೆದ ಟೀಚರ್ ಒಬ್ಬರು ಗಟ್ಟಿ ಶಾಲೆಯಲ್ಲಿ ಇದ್ದರು. ಅವರನ್ನು ಕರೆಸಿದೆವು. ಅವರು ಶನಿವಾರ ಶನಿವಾರ ಬಂದು, ಅವನ ಪಕ್ಕ ನೆಲದ ಮೇಲೆ ಕೂತು, ಮರಳಿನಲ್ಲಿ ಬೆರಳಿಂದ ಅಕ್ಷರ ತೀಡಿಸಿದರು. ಏಳನೇ ತರಗತಿ ಮುಗಿಸುವ ಹೊತ್ತಿಗೆ ಅವನು ಪತ್ರಿಕೆ ಓದುತ್ತಿದ್ದ, ನಿಧಾನಕ್ಕೆ, ಆದರೆ ತಾನೇ ಓದುತ್ತಿದ್ದ. ನಾಲ್ಕು ಶಾಲೆಗೆ ಅಂಥ ಒಬ್ಬ ಟೀಚರ್ ಸಾಕು. ಆದರೆ ಪ್ರತಿ ಶಾಲೆಯೂ ಒಬ್ಬೊಬ್ಬರನ್ನು ಇಟ್ಟುಕೊಳ್ಳಲು ಯಾರ ಕೈಯಲ್ಲೂ ಆಗುವುದಿಲ್ಲ. ಗುಂಪು ಬೇಕಾಗುವುದು ಇಂಥದ್ದಕ್ಕೆ.

ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿ ಹೊರಟ ಕುರುಬನ ಕಥೆಯನ್ನು ನಾವು ಮಕ್ಕಳಿಗೆ ಎಷ್ಟು ಸಲ ಹೇಳುತ್ತೇವೆ! ಅದನ್ನು ಹೇಳುವ ಶಾಲೆಯೇ ಎಸ್ಸೆಸ್ಸೆಲ್ಸಿ ಫಲಿತಾಂಶ ನೂರಕ್ಕೆ ನೂರು ಬರಬೇಕು ಅಂತ ಎಂಟನೇ ತರಗತಿಯಲ್ಲೇ ಮಕ್ಕಳನ್ನು ಸೋಸಿದರೆ ಆ ಕಥೆ ಹೇಳುವ ಹಕ್ಕು ನಮಗೆ ಇಲ್ಲ. ನಾನು ಇದನ್ನು ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದೇನೆ. ನೀವೂ ಹೇಳಿ. ಬೇಜಾರು ಮಾಡಿಕೊಳ್ಳುವವರು ಇರುತ್ತಾರೆ, ಆದರೂ ಹೇಳಬೇಕು.

ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹನ್ನೆರಡನೇ ಅಧ್ಯಾಯ ತೆಗೆದು ಮೀಟಿಂಗಿನ ಮೊದಲಿಗೆ ಓದಿಸಿ. ಒಂದೇ ದೇಹ, ಹಲವು ಅಂಗ ಅನ್ನುವ ಭಾಗ. ಎಲ್ಲರೂ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದೆ ಓದಿ. ಬಲ ಕಡಿಮೆ ಅಂತ ಕಾಣುವ ಅಂಗಗಳು ಇಲ್ಲದೆ ದೇಹ ನಡೆಯುವುದಿಲ್ಲ, ಅವುಗಳಿಗೆ ಜಾಸ್ತಿ ಗೌರವ ಕೊಡಬೇಕು ಅಂತ ಅವನು ಹೇಳುತ್ತಾನೆ. ನಿಮ್ಮ ಐದು ಶಾಲೆಗಳಲ್ಲಿ ಬಲ ಕಡಿಮೆ ಇರುವುದು ಯಾವುದು ಅಂತ ಎಲ್ಲರಿಗೂ ಗೊತ್ತು. ಗುಂಪಿನ ಮೊದಲ ವರ್ಷದ ಹಣ, ಸಮಯ, ಟೀಚರ್, ಎಲ್ಲ ಆ ಎರಡು ಕನ್ನಡ ಶಾಲೆಗಳ ಕಡೆ ಹರಿಯಬೇಕು. ಸಮಪಾಲು ಅಂತ ಹಂಚಿದರೆ ಇದ್ದವರಿಗೇ ಇನ್ನಷ್ಟು ಕೊಟ್ಟ ಹಾಗೆ.

ಕಥೋಲಿಕರು ಬೇರೆಯವರ ಜೊತೆ ಸೇರಬಹುದಾ ಅನ್ನುವ ಅಳುಕು ಬೇಡ. ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಅದರ ಕೊನೆಯ ಭಾಗದಲ್ಲೇ ಈ ಮಾತು ಬರುತ್ತದೆ. ಕಥೋಲಿಕ ಶಾಲೆಗಳು ತಮ್ಮತಮ್ಮೊಳಗೆ ಸಹಕಾರ ಬೆಳೆಸಬೇಕು, ಬೇರೆ ಶಾಲೆಗಳ ಜೊತೆಗೂ ಕೈ ಜೋಡಿಸಬೇಕು ಅಂತ. ಫಾದರಿಗೆ ಇದು ಗೊತ್ತಿರುತ್ತದೆ. ನೆನಪಿಸಿದರೆ ಸಾಕು.

ನಿಮ್ಮ ಹೈಸ್ಕೂಲಿನ ಲ್ಯಾಬ್ ಬಗ್ಗೆ ಒಂದು ಮಾತು. ಸಿಸ್ಟರುಗಳ ಶಾಲೆಗೆ ಬಸ್ಸಿದ್ದರೆ ಅದು ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಸಂಜೆವರೆಗೆ ಅಂಗಳದಲ್ಲಿ ಸುಮ್ನೆ ನಿಂತಿರುತ್ತದೆ. ತಿಂಗಳಿಗೊಮ್ಮೆ ಅದೇ ಬಸ್ಸಿನಲ್ಲಿ ನಿಮ್ಮ ಏಳನೇ ತರಗತಿಯನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ. ಈರುಳ್ಳಿ ಪೊರೆಯನ್ನು ಗಾಜಿನ ಮೇಲೆ ಇಟ್ಟು, ಒಂದು ಹನಿ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದ ನಮ್ಮ ಒಬ್ಬ ಹುಡುಗಿ "ಟೀಚರ್, ಇದು ಇಟ್ಟಿಗೆ ಗೋಡೆ" ಅಂದಳು. ಪುಸ್ತಕದಲ್ಲಿ ಅದೇ ಚಿತ್ರ ವರ್ಷವಿಡೀ ಇತ್ತು, ಅವಳು ತಿರುಗಿಯೂ ನೋಡಿರಲಿಲ್ಲ. ಜೂನ್, ಜುಲೈ ಬಿಟ್ಟುಬಿಡಿ. ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ ವೇಳಾಪಟ್ಟಿ ಎಲ್ಲ ತಲೆಕೆಳಗಾಗುತ್ತದೆ. ಆಗಸ್ಟ್ ನಂತರ ಇಟ್ಟುಕೊಳ್ಳಿ.

ಬಲ್ಮಠದ ಕಡೆಯವನು

ನಾನು ಸಿಎಸ್‌ಐ ಸಭೆಯವನು, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೆಡ್‌ಮಿಸ್ ಬರೆದದ್ದನ್ನು ಎರಡು ಸಲ ಓದಿದೆ. ಮೇ ತಿಂಗಳ ಮಾತು ನಮ್ಮ ಕಡೆಗೂ ಅಷ್ಟೇ ಸರಿ.

ಒಟ್ಟಿಗೆ ನಡೆಯುವುದರ ಬಗ್ಗೆ ಟೀಚರ್ ಕೇಳಿದ್ದಾರೆ. ನಮ್ಮ ಊರಿನ ಚರಿತ್ರೆಯಲ್ಲಿ ಕಥೋಲಿಕ ಶಾಲೆಗಳು, ಬಾಸೆಲ್ ಮಿಷನ್ ಶಾಲೆಗಳು ಅಕ್ಕಪಕ್ಕದಲ್ಲೇ ಬೆಳೆದವು, ಆದರೆ ಬೇರೆ ಬೇರೆಯಾಗಿ. ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮುದ್ರಣಾಲಯ 1841ರಲ್ಲಿ ಶುರುವಾಯಿತು. 1843ರಲ್ಲಿ ಮೋಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದರು. ಆ ಕಡೆ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು 1870ರಲ್ಲಿ ಬಂದರು, ಜೆಸುಯಿಟರ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಯಿತು, ಬೆಥನಿ ಸಿಸ್ಟರುಗಳ ಸಭೆ 1921ರಲ್ಲಿ ಹುಟ್ಟಿತು. ಇಷ್ಟೂ ಜನ ಒಂದೇ ಜಿಲ್ಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದರು. ಹೆಣ್ಣುಮಕ್ಕಳ ಶಾಲೆ, ಕನ್ನಡದ ಪಠ್ಯಪುಸ್ತಕ, ಕಸುಬಿನ ಕಲಿಕೆ, ಎಲ್ಲದರಲ್ಲೂ ಇವರ ಕೈ ಇದೆ. ಆದರೆ ಒಬ್ಬರ ಶಾಲೆಗೆ ಇನ್ನೊಬ್ಬರು ಕಾಲಿಟ್ಟದ್ದು ಕಡಿಮೆ.

ಕಾರ್ಮೆಲ್ ಸಭೆಯನ್ನು ಕಟ್ಟಿದ ಮದರ್ ವೆರೋನಿಕಾ ಆಂಗ್ಲಿಕನ್ ಪಾದ್ರಿಯ ಮಗಳು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿ, ದೊಡ್ಡವಳಾದ ಮೇಲೆ ಕಥೋಲಿಕಳಾದವರು. ನಮ್ಮ ಸಿಎಸ್‌ಐ ಕೂಡ 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ತಮ್ಮ ತಮ್ಮ ಬೇಲಿ ಬಿಟ್ಟು ಬಂದು ಕೂಡಿ ಆದದ್ದು. ಆಗ ಅವರು ಬಿಷಪರ ಬಗ್ಗೆ, ದೀಕ್ಷೆಯ ಬಗ್ಗೆ ವರ್ಷಗಟ್ಟಲೆ ಚರ್ಚೆ ಮಾಡಿದರು. ನಮಗೆ ಅಷ್ಟು ಬೇಕಿಲ್ಲ. ಒಂದು ಸೂಕ್ಷ್ಮದರ್ಶಕ ಹಂಚಿಕೊಳ್ಳಲು ಪ್ರಭು ಭೋಜನದ ಬಗ್ಗೆ ಒಪ್ಪಂದ ಆಗಬೇಕಾಗಿಲ್ಲ.

ತೊಡಕು ಬರುವುದು ಎಲ್ಲಿ ಅಂದರೆ ಆರಾಧನೆಯಲ್ಲಿ. ಹಾಗಾಗಿ ಒಟ್ಟಿಗೆ ಆರಾಧನೆ ಅಂತ ಮೊದಲ ವರ್ಷ ಹೋಗಬೇಡಿ. ಪ್ರತಿ ಶಾಲೆ ತನ್ನ ರೂಢಿಯಲ್ಲೇ ಪ್ರಾರ್ಥಿಸಲಿ. ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ಇರುತ್ತದೆ. ಟೀಚರುಗಳು, ಫಾದರ್, ಸಿಸ್ಟರ್, ಸಭಾಪಾಲಕರು ಆ ವಾರದಲ್ಲಿ ಒಂದು ಸಂಜೆ ಸೇರಿ ಪ್ರಾರ್ಥಿಸಿದರೆ ಬಹಳ ಚೆನ್ನ. ಮಕ್ಕಳನ್ನು ಅದಕ್ಕೆ ಕರೆಯುವುದು ಬೇಡ, ಅದು ದೊಡ್ಡವರು ಮಾಡಬೇಕಾದ ಕೆಲಸ.

ಇನ್ನೊಂದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನ್ ಮಿಷನರಿಗಳು ಈ ನಾಡು ಬಿಡಬೇಕಾಯಿತು. ಹೊರಗಿನ ಹಣ, ಹೊರಗಿನ ಜನ, ಎರಡೂ ನಿಂತವು. ಆದರೂ ಆ ಕಾಲದ ಹಲವು ಶಾಲೆಗಳು ಇವತ್ತಿಗೂ ನಡೆಯುತ್ತಿವೆ. ನಿಮ್ಮ ಐದನೇ ಶಾಲೆ ಅಂಥದ್ದರಲ್ಲಿ ಒಂದು ಇರಬೇಕು. ಅಲ್ಲಿಯ ಹಳೆ ದಾಖಲಾತಿ ಪುಸ್ತಕ ಉಳಿದಿದ್ದರೆ ಮಕ್ಕಳಿಗೆ ತೋರಿಸಿ. ತಮ್ಮ ಅಜ್ಜಂದಿರ ಹೆಸರು ಅಲ್ಲಿ ಸಿಕ್ಕಿದರೆ, ಅದಕ್ಕಿಂತ ಒಳ್ಳೆಯ ಚರಿತ್ರೆ ಪಾಠ ಇಲ್ಲ.

ಮೂರು ಮಕ್ಕಳ ಅಪ್ಪ

ನಾನು ಮುಸ್ಲಿಂ. ನಾನೂ ಚರ್ಚ್ ಶಾಲೆಯಲ್ಲಿ ಓದಿದವನು, ನನ್ನ ಮೂವರು ಮಕ್ಕಳೂ ಚರ್ಚ್ ಶಾಲೆಯಲ್ಲೇ. ಟೀಚರ್ ನಮ್ಮಂಥವರ ಬಗ್ಗೆ ಕೇಳಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಯಾರೂ "ಕ್ರೈಸ್ತ ಮೌಲ್ಯ" ಅಂತ ಹೇಳಿ ಮಕ್ಕಳನ್ನು ಸೇರಿಸಿಲ್ಲ. ಅಲ್ಲಿ ಟೀಚರುಗಳು ಹೊತ್ತಿಗೆ ಸರಿಯಾಗಿ ಬರುತ್ತಾರೆ, ಹೆಣ್ಣುಮಕ್ಕಳಿಗೆ ಭಯ ಇಲ್ಲ, ಅದಕ್ಕೆ ಸೇರಿಸಿದ್ದು. ಆದರೆ ಒಳಗೆ ಹೋದ ಮೇಲೆ ನೋಡಿದ್ದು ಬೇರೆ. ನಾನು ಆರನೇ ತರಗತಿಯಲ್ಲಿದ್ದಾಗ ರಂಜಾನ್ ಉಪವಾಸ ಹಿಡಿದಿದ್ದೆ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚುವಾಗ ನಮ್ಮ ಸಿಸ್ಟರ್ ಉಪವಾಸ ಇದ್ದ ನಾಲ್ಕೈದು ಮಕ್ಕಳನ್ನು ಲೈಬ್ರರಿ ಕೋಣೆಗೆ ಕರೆದು ಫ್ಯಾನ್ ಹಾಕಿ ಪುಸ್ತಕ ಕೊಟ್ಟು ಕೂರಿಸಿದರು. ಪಿಟಿ ಪೀರಿಯಡ್ಡಿನಲ್ಲಿ ಓಡಿಸಲಿಲ್ಲ. ಅವರು ಅದನ್ನು ದೊಡ್ಡ ವಿಷಯ ಮಾಡಲೂ ಇಲ್ಲ. ನನ್ನ ತಾಯಿ ಇಂದಿಗೂ ಆ ಸಿಸ್ಟರನ್ನು ದುವಾದಲ್ಲಿ ನೆನೆಯುತ್ತಾರೆ.

ನನ್ನ ಬೇಡಿಕೆ ಒಂದೇ. ಐದು ಶಾಲೆಗಳು ಕೂಡಿ ಒಂದೇ ಪ್ರಾರ್ಥನೆ, ಒಂದೇ ಮೌಲ್ಯ ಶಿಕ್ಷಣದ ಪುಸ್ತಕ ತರುವುದಾದರೆ ಮೊದಲು ನಮಗೆ ತೋರಿಸಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಆರಾಧನೆಗೆ ಮಗು ಬರಬೇಕಾದರೆ ಪೋಷಕರ ಒಪ್ಪಿಗೆ ಬೇಕು ಅಂತ ಸಂವಿಧಾನದ 28ನೇ ವಿಧಿಯ ಮೂರನೇ ಖಂಡದಲ್ಲಿದೆ. ಶಾಲೆ ಕಟ್ಟಿ ನಡೆಸುವ ಹಕ್ಕು ನಿಮಗೆ 30ನೇ ವಿಧಿಯಲ್ಲಿದೆ, ಅದನ್ನು ನಾನು ಪೂರ್ತಿ ಗೌರವಿಸುತ್ತೇನೆ. ಎರಡೂ ಒಂದೇ ಪುಸ್ತಕದಲ್ಲಿ ಇವೆ. ಒಪ್ಪಿಗೆ ಪತ್ರ ಕನ್ನಡದಲ್ಲಿ, ಓದಿದರೆ ಅರ್ಥ ಆಗುವ ಹಾಗೆ ಇರಲಿ. ಪ್ರವೇಶದ ದಿನ ಹತ್ತು ಕಾಗದದ ಮಧ್ಯೆ ಸೇರಿಸಿ ಸಹಿ ಹಾಕಿಸಬೇಡಿ.

ಕೇಳಿದರೆ ನಮ್ಮಲ್ಲಿ ಜಾಸ್ತಿ ಜನ ಒಪ್ಪುತ್ತಾರೆ. ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆಯನ್ನು ನನ್ನ ಮಗಳು ಮನೆಗೆ ಬಂದು ಹೇಳಿದಾಗ ಅಜ್ಜಿ ಎರಡನೇ ಸಲ ಹೇಳಿಸಿಕೊಂಡರು. ಗುಂಪಿನ ಮೀಟಿಂಗಿಗೆ ಪೋಷಕರನ್ನೂ ಕರೆಯಿರಿ, ಚರ್ಚಿನವರನ್ನು ಮಾತ್ರ ಅಲ್ಲ.

ಕನ್ನಡ ಶಾಲೆ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇ ತಿಂಗಳ ಮಾತನ್ನು ಹೆಡ್‌ಮಿಸ್ ಬರೆದ ರೀತಿ ನೋಡಿ ಎದೆ ಧಸಕ್ ಅಂತು. ನಮ್ಮಲ್ಲಿ ಈ ವರ್ಷವೂ ವ್ಯಾನು ಬಂದಿದೆ. ಮೀಟಿಂಗಿನಲ್ಲಿ ಸಿಸ್ಟರ್ ಎದುರಿಗೇ ಇರುತ್ತಾರೆ, ಅವರು ಒಳ್ಳೆಯವರು, ಹಾಗಾಗಿ ಮೀಟಿಂಗಿಗೆ ಮೊದಲು ನಾನೇ ಹೋಗಿ ಅವರ ಹತ್ತಿರ ಮಾತಾಡುತ್ತೇನೆ. ಎಲ್ಲರ ಮುಂದೆ ಮೊದಲ ಸಲ ಕೇಳುವ ಹಾಗೆ ಆಗಬಾರದು.

ನಮ್ಮಲ್ಲಿ ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಕಥೋಲಿಕ ಮಕ್ಕಳು ಒಂದು ಕೋಣೆಗೆ ಧರ್ಮೋಪದೇಶಕ್ಕೆ ಹೋಗುತ್ತಾರೆ, ಉಳಿದವರು ಇನ್ನೊಂದು ಕೋಣೆಯಲ್ಲಿ ನೀತಿ ಪಾಠಕ್ಕೆ. ಇದು ಹಿಂದಿನಿಂದ ಬಂದದ್ದು. ಧರ್ಮೋಪದೇಶ ಬೇಕೇ ಬೇಕು, ಅದನ್ನು ಬಿಡುವ ಮಾತಿಲ್ಲ. ಆದರೆ ವಾರದಲ್ಲಿ ಒಂದು ದಿನವಾದರೂ ಎಲ್ಲ ಮಕ್ಕಳೂ ಒಟ್ಟಿಗೆ ಕೂತು, ಅವರವರ ಮನೆಯಲ್ಲಿ ಕೇಳಿದ ಒಂದು ಒಳ್ಳೆಯ ಕಥೆ ಹೇಳುವ ಪೀರಿಯಡ್ ಇಡಬೇಕು ಅಂತ ಇದ್ದೇನೆ. ಐದೂ ಶಾಲೆಯಲ್ಲಿ ಇಟ್ಟರೆ ಇನ್ನೂ ಚೆನ್ನ.

ಟೀಚರುಗಳನ್ನು ಹಂಚಿಕೊಳ್ಳುವುದಕ್ಕೆ ಕಾನೂನು ಅಡ್ಡಿ ಬರುತ್ತದಾ? ನಾವು ಅನುದಾನಿತರು, ಸಿಸ್ಟರುಗಳದ್ದು ಅನುದಾನ ಇಲ್ಲದ ಶಾಲೆ.

ಶಾಲಾ ಆಫೀಸಿನವನು

ಮೇಡಂ, ನಾನು ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಗುಮಾಸ್ತ. ಇದು ನಮ್ಮ ಮೇಜಿಗೆ ಬರುವ ವಿಷಯ, ಹಾಗಾಗಿ ಹೇಳುತ್ತೇನೆ.

ಸರ್ಕಾರದ ಸಂಬಳ ಪಡೆಯುವ ಟೀಚರನ್ನು ಬೇರೆ ಶಾಲೆಗೆ ಪಾಠಕ್ಕೆ ಕಳಿಸುವುದು ಸಂಚಾಲಕರ ಬಾಯಿಮಾತಿನಲ್ಲಿ ಆಗುವುದಿಲ್ಲ. ಇಲಾಖೆಯ ಆದೇಶ ಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರವಣಿಗೆಯಲ್ಲಿ ಕೇಳಿ. ಹಾಜರಿ ಪುಸ್ತಕದಲ್ಲಿ ಇಲ್ಲಿ ಸಹಿ, ಪಾಠ ಇನ್ನೊಂದು ಶಾಲೆಯಲ್ಲಿ ಅಂತಾದರೆ ತನಿಖೆಯಲ್ಲಿ ತೊಂದರೆ ಆ ಟೀಚರಿಗೇ. ಆಡಳಿತ ಮಂಡಳಿ ಸಂಬಳ ಕೊಡುವವರನ್ನು ಹಂಚಿಕೊಳ್ಳಲು ಇಷ್ಟು ಕಷ್ಟ ಇಲ್ಲ. ನೇಮಕಾತಿ ಪತ್ರದಲ್ಲೇ "ಗುಂಪಿನ ಶಾಲೆಗಳಲ್ಲಿ ಪಾಠ" ಅಂತ ಬರೆಯಿರಿ, ಯಾವ ದಿನ ಎಲ್ಲಿ, ಹೋಗಿ ಬರುವ ಖರ್ಚು ಯಾರದ್ದು, ರಜೆ ಯಾರು ಕೊಡುತ್ತಾರೆ, ಎಲ್ಲ. ಗೌರವಧನ ಅಂತ ಕೊಡುವ ಹಣ ಎಷ್ಟೋ ಕಡೆ ಬಹಳ ಕಡಿಮೆ. ಎರಡು ಶಾಲೆ ಸೇರಿ ಇಟ್ಟುಕೊಳ್ಳುವಾಗ ಕೆಲಸ ಎರಡು ಪಾಲು, ಹಣ ಒಂದೇ ಪಾಲು ಅಂತ ಆಗಬಾರದು. ಮೌಲ್ಯದ ಮಾತಾಡುವ ಶಾಲೆಗಳು ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಮನೆಯಲ್ಲಿ ಸಣ್ಣ ಮಗು ಇಟ್ಟುಕೊಂಡು, ಎರಡು ಬಸ್ಸು ಬದಲಿಸಿ ಬರುವ ಟೀಚರುಗಳನ್ನು ನಾನು ದಿನಾ ನೋಡುತ್ತೇನೆ.

ಬಸ್ಸಿನ ವಿಷಯ ಹೆಡ್‌ಮಿಸ್ ಹೇಳಿದ್ದು ಒಳ್ಳೆಯದು. ಆದರೆ ಪರ್ಮಿಟ್, ವಿಮೆ ಎರಡೂ ಒಂದು ಶಾಲೆಯ ಹೆಸರಿನಲ್ಲಿ ಇರುತ್ತವೆ. ಬೇರೆ ಶಾಲೆಯ ಮಕ್ಕಳನ್ನು ಕೂರಿಸುವ ಮೊದಲು ಆರ್‌ಟಿಒ ಹತ್ತಿರ, ವಿಮೆ ಕಂಪನಿ ಹತ್ತಿರ ಕೇಳಿ ಉತ್ತರವನ್ನು ಕಾಗದದಲ್ಲಿ ಪಡೆಯಿರಿ. ಪ್ರತಿ ಸಲ ಪೋಷಕರ ಒಪ್ಪಿಗೆ, ಜೊತೆಗೆ ಒಬ್ಬ ಮಹಿಳಾ ಟೀಚರ್. ಬಿಸಿಯೂಟದ ಲೆಕ್ಕವೂ ನೋಡಿಕೊಳ್ಳಿ. ಮಕ್ಕಳು ಮಧ್ಯಾಹ್ನ ಲ್ಯಾಬಿನಲ್ಲಿದ್ದರೆ ಆ ದಿನದ ಊಟ, ಮೊಟ್ಟೆ ನಿಮ್ಮ ಶಾಲೆಯ ಹಾಜರಿಯಲ್ಲಿ ಬರುತ್ತದೆ. ಬೆಳಿಗ್ಗೆ ಹೋಗಿ ಊಟಕ್ಕೆ ವಾಪಸ್ ಬಂದರೆ ಯಾವ ರಗಳೆಯೂ ಇಲ್ಲ.

ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯುವ ಮೊದಲು ಯೋಚನೆ ಮಾಡಿ. ಐದು ಶಾಲೆಗಳ ಆಡಳಿತ ಬೇರೆ ಬೇರೆ, ಟ್ರಸ್ಟುಗಳು ಬೇರೆ, ಆಡಿಟ್ ಬೇರೆ. ಒಂದು ಟ್ರಸ್ಟಿನ ಹಣ ಇನ್ನೊಂದಕ್ಕೆ ಹೋಗುವಾಗ ಲೆಕ್ಕ ಪರಿಶೋಧಕರು ಕೇಳುತ್ತಾರೆ. ಮೊದಲ ವರ್ಷ ಹಣ ಕೈ ಬದಲಾಯಿಸದ ಕೆಲಸಗಳನ್ನೇ ಇಟ್ಟುಕೊಳ್ಳಿ. ಪ್ರತಿ ಶಾಲೆ ತನ್ನ ಪಾಲಿನ ಖರ್ಚನ್ನು ತಾನೇ ನೇರವಾಗಿ ಮಾಡಲಿ, ಉದಾಹರಣೆಗೆ ಟೀಚರ್ ಸಂಬಳ ಸಿಸ್ಟರುಗಳ ಶಾಲೆಯ ಪುಸ್ತಕದಲ್ಲೇ, ಬಸ್ಸಿನ ಡೀಸೆಲ್ ಹೈಸ್ಕೂಲಿನ ಪುಸ್ತಕದಲ್ಲಿ.

ಇನ್ನೊಂದು ವಿಷಯ. ಹತ್ತಿರದ ಶಾಲೆಗಳು ಟೀಚರ್, ಲ್ಯಾಬ್, ಲೈಬ್ರರಿ ಹಂಚಿಕೊಳ್ಳಬೇಕು ಅನ್ನುವುದು ಇಲಾಖೆಗೂ ಹೊಸ ವಿಚಾರ ಅಲ್ಲ. 1964-66ರ ಕೊಠಾರಿ ಆಯೋಗ ಶಾಲಾ ಸಂಕೀರ್ಣ ಅಂತ ಇದನ್ನೇ ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಐದರಿಂದ ಹತ್ತು ಕಿಲೋಮೀಟರ್ ದೂರದೊಳಗಿನ ಶಾಲೆಗಳ ಗುಂಪಿನ ಮಾತಾಡುತ್ತದೆ. ಅರ್ಜಿಯಲ್ಲಿ ಇದನ್ನು ಒಂದು ಸಾಲು ಬರೆಯಿರಿ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳಿಗೂ ಲ್ಯಾಬ್ ದಿನಕ್ಕೆ ಬರಬಹುದು ಅಂತ ಸೇರಿಸಿದರೆ ಕಚೇರಿಯಲ್ಲಿ ಅರ್ಜಿಗೆ ತೂಕ ಜಾಸ್ತಿ. ತೂಕಕ್ಕಾಗಿ ಮಾತ್ರ ಹೇಳುತ್ತಿಲ್ಲ, ಆ ಮಕ್ಕಳೂ ನಮ್ಮ ಊರಿನವರೇ ಅಲ್ವಾ.

ನಿವೃತ್ತ ಹೆಡ್‌ಮಿಸ್

ಆಫೀಸಿನವರು ಹೇಳಿದ ಸರ್ಕಾರಿ ಶಾಲೆಯ ಮಾತು ನನಗೆ ತುಂಬಾ ಹಿಡಿಸಿತು. ಟೀಚರೇ, ಅದನ್ನು ಖಂಡಿತ ಸೇರಿಸಿ. ಸಿಸ್ಟರ್ ಹತ್ತಿರ ಮೊದಲೇ ಮಾತಾಡುತ್ತೇನೆ ಅಂದದ್ದೂ ಸರಿ. ಹೋಗುವಾಗ ಖಾಲಿ ಕೈಯಲ್ಲಿ ದೂರು ಹೇಳಲು ಹೋಗಬೇಡಿ. ನಿಮ್ಮ ಶಾಲೆ ಕೊಡಬಹುದಾದ್ದು ಏನಾದರೂ ಇದೆಯಾ ನೋಡಿ. ಇರುತ್ತದೆ. ಪೇಟೆಯ ಇಂಗ್ಲಿಷ್ ಶಾಲೆಯ ಮಕ್ಕಳು ಕನ್ನಡ ಓದಲು ತಡವರಿಸುತ್ತಾರೆ, ಅಲ್ಲಿಯ ಸಿಸ್ಟರುಗಳಿಗೇ ಆ ಚಿಂತೆ ಇದೆ. ನಿಮ್ಮಲ್ಲಿ ಕನ್ನಡ ಚೆನ್ನಾಗಿ ಕಲಿಸುವವರು ಇದ್ದಾರೆ. ಶಾಲೆಯ ಹಿಂದೆ ಜಾಗ ಇದ್ದರೆ ತರಕಾರಿ ತೋಟ ಇದೆ, ಪೇಟೆ ಮಕ್ಕಳು ಬೆಂಡೆ ಗಿಡವನ್ನು ಮುಟ್ಟಿರುವುದಿಲ್ಲ. ಬಡ ಶಾಲೆ ಬರೀ ಪಡೆಯುವ ಕಡೆ ನಿಂತರೆ ಗುಂಪು ಎರಡು ವರ್ಷದಲ್ಲಿ ಒಡೆಯುತ್ತದೆ. ಕೊಡುವುದು ಎಲ್ಲರ ಕಡೆಯಿಂದಲೂ ಇರಬೇಕು.

ಕನ್ನಡ ಶಾಲೆ ಟೀಚರ್

ಸಿಸ್ಟರ್ ಹತ್ತಿರ ಹೋಗಿ ಬಂದೆ. ಕಾಫಿ ಕೊಟ್ಟು ಕೂರಿಸಿ, ಪೂರ್ತಿ ಕೇಳಿದರು. ವ್ಯಾನಿನ ಮಾತು ಬಂದಾಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ನಮ್ಮ ಹಳ್ಳಿಯಲ್ಲಿ ಕರಪತ್ರ ಹಂಚುವುದನ್ನು ನಿಲ್ಲಿಸಲು ತಮ್ಮ ಮೇಲಿನವರನ್ನು ಕೇಳುತ್ತೇನೆ ಅಂದರು. ಈಗಾಗಲೇ ಸೀಟು ಪಡೆದ ಮಕ್ಕಳ ವಿಷಯ ಈ ವರ್ಷಕ್ಕೆ ಏನೂ ಮಾಡಲು ಆಗುವುದಿಲ್ಲ, ಅದು ನನಗೂ ಗೊತ್ತು. ಕನ್ನಡ ಟೀಚರ್ ಬರುತ್ತಾರೆ ಅಂದದ್ದಕ್ಕೆ ಅವರಿಗೆ ನಿಜಕ್ಕೂ ಖುಷಿಯಾಯಿತು. ಬುಧವಾರ ಅವರ ನಾಲ್ಕನೇ ತರಗತಿಗೆ ನಮ್ಮವರು, ಶುಕ್ರವಾರ ನಮ್ಮ ಐದು, ಆರಕ್ಕೆ ಅವರ ಇಂಗ್ಲಿಷ್ ಟೀಚರ್ ಅಂತ ಮಾತಾಗಿದೆ. ನಮ್ಮಿಂದ ಹೋಗುವವರು ಆಡಳಿತ ಮಂಡಳಿಯ ಸಂಬಳದ ಟೀಚರ್, ಹಾಗಾಗಿ ಇಲಾಖೆಯ ತೊಡಕಿಲ್ಲ. ಅವರ ಬಸ್ ಖರ್ಚು ಸಿಸ್ಟರುಗಳ ಶಾಲೆಯದ್ದು.

ನನ್ನ ಹಾಳೆಯಲ್ಲಿ ಈಗ ಬರೆದಿರುವುದು ಇಷ್ಟು: ಒಬ್ಬರ ಊರಿಗೆ ಇನ್ನೊಬ್ಬರು ಕರಪತ್ರ ಕಳಿಸುವುದಿಲ್ಲ. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವನ್ನು ಯಾರೂ ಹೊರಗೆ ಕಳಿಸುವುದಿಲ್ಲ, ಅಂಥ ಮಕ್ಕಳಿಗಾಗಿ ಐದೂ ಶಾಲೆ ಸೇರಿ ಒಬ್ಬ ವಿಶೇಷ ಟೀಚರನ್ನು ಹುಡುಕುತ್ತೇವೆ. ಗೌರವ ಶಿಕ್ಷಕರಿಗೆ ಐದೂ ಶಾಲೆಯಲ್ಲಿ ಒಂದು ಕನಿಷ್ಠ ಸಂಬಳ. ಆಗಸ್ಟ್‌ನಿಂದ ಲ್ಯಾಬ್ ದಿನ, ಸರ್ಕಾರಿ ಶಾಲೆಯ ಮಕ್ಕಳೂ ಸೇರಿ. ಗುಂಪಿನ ಸಮಿತಿಯಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಪೋಷಕರು, ಅವರಲ್ಲಿ ಒಬ್ಬರು ಕ್ರೈಸ್ತರಲ್ಲದವರು. ಕನಿಷ್ಠ ಸಂಬಳದ ಸಾಲಿಗೆ ಮೀಟಿಂಗಿನಲ್ಲಿ ವಿರೋಧ ಬರಬಹುದು. ಆದರೂ ತೆಗೆಯುವುದಿಲ್ಲ. ಕ್ರೀಡಾಕೂಟವೂ ಇರುತ್ತದೆ, ಮಕ್ಕಳಿಗೆ ಅದು ಬೇಕು.

ಪೋಷಕರ ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಯಾರ ಶಾಲೆಯಲ್ಲಾದರೂ ಒಳ್ಳೆಯ ನಮೂನೆ ಇದ್ದರೆ ಇಲ್ಲಿ ಹಾಕಿ, ಮುಖ್ಯವಾಗಿ ಮೂರು ಮಕ್ಕಳ ಅಪ್ಪ ನೋಡಿ ಸರಿ ಇದೆಯಾ ಹೇಳಲಿ.